ಬಟ್ಟೆ ಒಗೆಯುವ ಕಲ್ಲಿನ ಕೆಳಮೈ

ನೆಂಟರಿಗೆ ಶಿರಸಿ ಸುತ್ತಮುತ್ತ ತೋರಿಸುವ ಕೆಲಸ ಯಾವಾಗಲೂ ನನ್ನ ತಲೆಗೇ. ಕೋಟೆಕೆರೆ ದಂಡೆ, ಸೋಂದೆಯ ಕೋಟೆ, ಬಿಳಗಿಯ ಬಸದಿ ಎಂದು ಅದದೇ ಮಾತು ಒದರಿ ನನಗೆ ಹಳೆಗಲ್ಲು ಕಂಡರೇ ಆಕಳಿಕೆ. ಅಣ್ಣನ ಮಗನ ಮದುವೆಗೆ ಮುಂಚಿತವಾಗಿ ಬಂದವರನ್ನೂ ಹೀಗೇ ಗೊಣಗುತ್ತ ಒಂದು ಸಣ್ಣ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ನನ್ನ ತಾಯಿ, ನಾವು ಆಯಿ ಎನ್ನುತ್ತೇವೆ, ಅವಳೂ ಜೊತೆಗಿದ್ದಳು.

ಗೋಡೆಗೊರಗಿಸಿದ್ದ ಒಂದು ಕಲ್ಲಿನ ಮೇಲೆ, ಕಂಬದಿಂದ ಹೊರಚಾಚಿದ ಹೆಣ್ಣಿನ ಕೈ. ಮೊಣಕೈ ಮಡಚಿ ಮೇಲೆತ್ತಿದ್ದು, ಮುಂಗೈ ತುಂಬ ಬಳೆ. ಗಂಡನ ಚಿತೆ ಏರಿದವಳ ನೆನಪಿನ ಮಾಸ್ತಿಕಲ್ಲು ಎಂದು ಫಲಕದಲ್ಲಿತ್ತು.

ಬೆಚ್ಚಿಬಿದ್ದೆ. ಆ ಬಳೆಗಳು ನನ್ನ ಬೆರಳಿಗೆ ಗೊತ್ತಿದ್ದವು! ತವರಿನ ಬಾವಿಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಅಂಚಿನಡಿ ಬೆರಳು ತೂರಿಸಿ, ಚಿಕ್ಕವಳಿದ್ದಾಗ ಇಂಥದೇ ಗೆರೆಗಳನ್ನು ಸವರುತ್ತಿದ್ದೆ. ಬಟ್ಟೆ ಹರಿಯಬಾರದೆಂದು ಹಿಂದಿನವರು ನುಣ್ಣನೆಯ ಮೈ ಮೇಲೆ ಮಾಡಿ ಕವುಚಿದ್ದರೇ? ಅದಕ್ಕಿಂತ ಘೋರ, ನಮ್ಮ ಮನೆಗೆ ಬರುವ ಮದುಮಗಳನ್ನು ಮೊದಲು ಆ ಕಲ್ಲಿನ ಮೇಲೆ ನಿಲ್ಲಿಸಿ ಕಾಲು ತೊಳೆಸಿಯೇ ಒಳಗೆ ಕರೆಯುವುದು. ಆಯಿ ಹಾಗೇ ಬಂದವಳು. ಇನ್ನು ನಾಲ್ಕು ದಿನಕ್ಕೆ ಅಣ್ಣನ ಸೊಸೆ ಅಲ್ಲಿ ನಿಲ್ಲಬೇಕಿತ್ತು.

ಮನೆಗೆ ಬಂದವಳೇ ಅಣ್ಣನಿಗೆ ಹಾರೆ ತರಲು ಹೇಳಿದೆ. ಕಲ್ಲು ಮಗುಚಿತು. ಮಣ್ಣು ಮೆತ್ತಿದ ಕೈ, ಒಂದೂ ಸವೆಯದ ಬಳೆ.

ಅಣ್ಣ ಬೆವರೊರೆಸಿಕೊಂಡು, “ಮದುವೆ ಮುಗಿಯವರೆಗೆ ಯಾರಿಗೂ ಹೇಳಡ. ಮತ್ತೆ ಕವುಚಿಡ್ತೆ,” ಎಂದ.

“ಬ್ಯಾಡ,” ಎಂದಳು ಆಯಿ. “ನಿಂಗಳ ಅಪ್ಪಯ್ಯ ಹೋದಾಗ ಯನ್ನ ಬಳೆ ಒಡೆದಿದ್ದು ಇದೇ ಕಲ್ಲಿನ ಮೇಲೆ. ಕೆಳಗೆ ಇದರ ಬಳೆ ಹಾಂಗೇ ಇದ್ದಿತ್ತು. ಮದ್ವೆಯಾಗಿ ಬರೋ ಕೂಸು ಇದರ ಮೇಲೆ ಕಾಲಿಡದು ಬ್ಯಾಡ.”

ಆ ಬಳೆ ಒಡೆದ ಸದ್ದು ನನಗೂ ನೆನಪಿದೆ. ಕಲ್ಲನ್ನು ತೊಳೆದು ಬಾವಿಯ ಪಕ್ಕ ನೆಟ್ಟಗೆ ನಿಲ್ಲಿಸಿದೆವು.

ಮದುಮಗಳು ಬಂದು ಮೆಟ್ಟಿಲ ಬುಡದಲ್ಲಿ ನಿಂತಳು. ಮುತ್ತೈದೆಯರು ಚೊಂಬಿಗೆ ಕೈ ಹಾಕುವ ಮೊದಲೇ, ಅಪ್ಪಯ್ಯ ಹೋದಮೇಲೆ ಶುಭಕಾರ್ಯವೆಂದರೆ ಒಳಕೋಣೆ ಸೇರುತ್ತಿದ್ದ ಆಯಿ ಜನರ ನಡುವಿನಿಂದ ಬಂದು ಅದನ್ನು ಎತ್ತಿಕೊಂಡಳು. ಆಯಿ ಆ ಹುಡುಗಿಯ ಕಾಲಿಗೆ ನೀರು ಹಾಕಿದಳು. ಹುಡುಗಿ ಅವಳ ಬೋಳುಗೈ ಹಿಡಿದುಕೊಂಡೇ ಹೊಸ್ತಿಲು ದಾಟಿದಳು.