ಅಧ್ಯಕ್ಷರಿಗೆ ಕಾಗದದ ಮರಳು

ನಮ್ಮ ದೊಡ್ಡಮ್ಮನ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಬಗೆ: ಒಗೆದದ್ದು, ಇನ್ನೂ ಒಗೆಯಬೇಕಾದದ್ದು. ಬೀದಿಯ ಕೊನೆಯ ಲಾಂಡ್ರಿಯಲ್ಲಿ ಒಗೆದು, ಇಸ್ತ್ರಿ ಮಾಡಿ ಅವರ ತಲೆ ನೆರೆದಿದೆ. ಬಟ್ಟೆ ಯಾರದೇ ಇರಲಿ, ಕೊನೆಯ ನೀರಿಗೆ ಒಂದು ಮುಚ್ಚಳ ನೀಲಿ ಸೆಂಟು ಬೀಳಲೇಬೇಕು. "ಕೆಟ್ಟ ವಾಸನೆ ಹೋದ್ರೆ ಸಾಲ್ದು, ಒಳ್ಳೇ ವಾಸನೆ ಬರ್ಬೇಕು. ಆಗಲೇ ಕ್ಲೀನಾಯ್ತು ಅಂತ" ಎನ್ನುವುದು ಅವರ ವೇದವಾಕ್ಯ. ಅದಕ್ಕೆ ಎದುರಾಡಿ ಗೆದ್ದವರನ್ನು ನಾನಂತೂ ನೋಡಿಲ್ಲ.

ಇಂಥವರನ್ನು ಮದುವೆಯಾದ ನಮ್ಮ ದೊಡ್ಡಪ್ಪ ಓಡಿಸುತ್ತಿದ್ದದ್ದು ಮೀನಿನ ವ್ಯಾನು! ಮದುವೆಯಾದ ವಾರವೇ ಅವರ ಅಂಗಿಗಳ ಮೇಲೆ ದೊಡ್ಡಮ್ಮ ಯುದ್ಧ ಸಾರಿದರು. ಊರವರ ಬಟ್ಟೆಗೆ ಒಂದು ಮುಚ್ಚಳ ಸೆಂಟಾದರೆ ಗಂಡನ ಅಂಗಿಗೆ ಎರಡು.

ಮೊಣಕಾಲು ಕೈಕೊಟ್ಟು ಕೆಲಸ ಬಿಟ್ಟ ದಿನ ದೊಡ್ಡಪ್ಪ ವ್ಯಾನಿನ ಖಾಲಿ ಕ್ರೇಟುಗಳ ಹಿಂದೆ ಸಿಕ್ಕ ಕುಂಟ ಬೆಕ್ಕಿನ ಮರಿಯೊಂದನ್ನು ಟೋಪಿಯಲ್ಲಿಟ್ಟು ಮನೆಗೆ ತಂದರು. ಮನೆಯಲ್ಲಿದ್ದ ಒಂದೇ ಒಂದು ತೋಳುಕುರ್ಚಿಯನ್ನು ಅದು ಹತ್ತಿ ಕೂತಿತು, ಸಭೆ ಶುರುವಾಗಲಿ ಎನ್ನುವಂತೆ ನಮ್ಮನ್ನು ನೋಡಿತು. ಅಂದಿನಿಂದ ಅದು ಅಧ್ಯಕ್ಷರು. ದೊಡ್ಡಮ್ಮ ಬೆಳಿಗ್ಗೆ ಲಾಂಡ್ರಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಷ್ಟು ಹೊತ್ತೂ ದೊಡ್ಡಪ್ಪನಿಗೆ ಮಾತಿಗೆ ಸಿಗುವ ಜೀವ ಅದೊಂದೇ.

ಮನೆ ಇದ್ದದ್ದು ಮಹಡಿಯ ಮೇಲೆ, ಕೆಳಗೆ ವಾಹನಗಳ ದೊಡ್ಡ ರಸ್ತೆ. ಕುಂಟುವ ಬೆಕ್ಕನ್ನು ಹೊರಗೆ ಬಿಡುವಂತಿರಲಿಲ್ಲ. ಬಚ್ಚಲುಮನೆಯ ಮೂಲೆಯಲ್ಲಿ ಹಳೆಯ ಟಬ್ಬಿಟ್ಟು, ಅಂಗಡಿಯಲ್ಲಿ ಸಿಗುವ ಬೆಕ್ಕಿನ ಮರಳು ತುಂಬಿಸಿದರು. ಆ ಮರಳಿನ ಬೆಲೆ ಕೇಳಿ ದೊಡ್ಡಮ್ಮ ಎದೆ ಹಿಡಿದುಕೊಂಡರು. "ಇದು ತಿನ್ನೋದಕ್ಕಿಂತ ಹೋಗೋದಕ್ಕೇ ಖರ್ಚು ಜಾಸ್ತಿಯಲ್ರೀ!"

ಹೆಂಡತಿಯ ಗೊಣಗಾಟಕ್ಕೆ ಹೆದರಿ ದೊಡ್ಡಪ್ಪ ಅದೇ ಮರಳನ್ನು ಎಳೆದೆಳೆದು ಬಳಸತೊಡಗಿದರು. ವಾಸನೆ ಮೆಟ್ಟಿಲಿಳಿದು ಕೆಳಗಿನ ಮನೆಗೆ, ಅಂದರೆ ಓನರ್ ಮನೆಗೇ ಹೋಯಿತು. ಓನರ್ ಮೇಲೆ ಬಂದು ಬಾಗಿಲಲ್ಲೇ ನಿಂತರು.

"ಅಮ್ಮಾ, ನೀವು ಒಳ್ಳೇ ಜನ. ಬಾಡಿಗೆಗೆ ಯಾವತ್ತೂ ಕಾಯ್ಸಿಲ್ಲ. ಆದ್ರೆ ಈ ವಾಸನೆ ನಂಗೆ ಆಗಲ್ಲ. ತಿಂಗಳ ಕೊನೇಲಿ ಬರ್ತೀನಿ. ಆಗ್ಲೂ ಹಿಂಗೇ ಇದ್ರೆ ಬೆಕ್ಕನ್ನ ಬೇರೆಲ್ಲಾದ್ರೂ ಬಿಟ್ಬಿಡಿ."

ವಾಸನೆ! ಅದೂ ದೊಡ್ಡಮ್ಮನ ಮನೆಯಲ್ಲಿ! ಅವರ ಮುಖ ಕೆಂಪಾಯಿತು. ದೊಡ್ಡಪ್ಪ ಮಾತ್ರ ಬೆಕ್ಕಿನ ಬೆನ್ನು ಸವರುತ್ತ ಕೂತಿದ್ದರು. ಅವರ ಕೈ ನಿಲ್ಲಲೇ ಇಲ್ಲ.

ನಾನು ದೊಡ್ಡಮ್ಮನ ತಂಗಿಯ ಮಗಳು, ಎರಡು ಬೀದಿ ಆಚೆ ಇರುವವಳು. ಭಾನುವಾರ ಹೋದಾಗ ದೊಡ್ಡಮ್ಮ ಸೆರಗು ಸಿಕ್ಕಿಸಿ ನಿಂತಿದ್ದರು. ಇಸ್ತ್ರಿ ಬಟ್ಟೆ ಕಟ್ಟಿಕೊಡಲು ಲಾಂಡ್ರಿಯಲ್ಲಿ ಹಳೆಯ ಪೇಪರು ತರಿಸುತ್ತಾರೆ. ಅದರಲ್ಲಿ ಹರಿದದ್ದು, ಮುದುರಿದ್ದನ್ನೆಲ್ಲ ಕೇಳಿ ಒಂದು ಮೂಟೆ ಹೊತ್ತು ತಂದಿದ್ದರು.

"ಮರಳು ನಾನೇ ಮಾಡ್ತೀನಿ. ಕೂತ್ಕೋ, ಹರಿ" ಎಂದರು.

ಹರಿದೆವು. ಬಿಸಿನೀರಿನಲ್ಲಿ ಸ್ವಲ್ಪ ಸೋಪು ಹಾಕಿ ನೆನೆಸಿದೆವು. ಪೇಪರು ಮುದ್ದೆಯಾಗಿ ಶಾಯಿ ಬಿಟ್ಟು ನೀರು ಕಪ್ಪಾದಾಗ ದೊಡ್ಡಮ್ಮನಿಗೆ ಖುಷಿಯೋ ಖುಷಿ, ಕೊಳೆ ಬಿಡುವುದನ್ನು ನೋಡುವುದೆಂದರೆ ಅವರಿಗೆ ಅಷ್ಟು ಇಷ್ಟ. ನೀರು ಚೆಲ್ಲಿ, ಹಿಂಡಿ, ಅಡುಗೆ ಸೋಡಾ ಕಲಸಿ, ಬೆರಳಲ್ಲಿ ಉದುರುದುರಾಗಿ ಪುಡಿ ಮಾಡಿದೆವು. ಇನ್ನೇನು ಒಣಗಿಸುವುದಷ್ಟೇ ಬಾಕಿ ಎನ್ನುವಾಗ ದೊಡ್ಡಮ್ಮ ನೀಲಿ ಬಾಟಲಿ ತಂದು ಮೂರು ಮುಚ್ಚಳ ಸುರಿದರು.

"ದೊಡ್ಡಮ್ಮಾ, ಇದಕ್ಕೂನಾ?"

"ಇದಕ್ಕೇ ಮೊದ್ಲು!"

ತಾರಸಿಯ ಮೇಲೆ ಹಳೆಯ ಪರದೆ ಹಾಸಿ ಒಣಗಿಸಿದೆವು. ಮರದ ಹೊಟ್ಟಿನಂತೆ ಹಗುರಾದ, ಬೂದುಬಣ್ಣದ ಪುಡಿ. ಇಡೀ ತಾರಸಿ ಘಮ್ಮೆನ್ನುತ್ತಿತ್ತು. ದೊಡ್ಡಮ್ಮ ಟಬ್ಬು ತುಂಬಿಸಿ, ಸೊಂಟದ ಮೇಲೆ ಕೈಯಿಟ್ಟು ಕಾದರು. ಅಧ್ಯಕ್ಷರು ಕುಂಟುತ್ತ ಬಂದರು, ಮೂಗಿಟ್ಟರು, ಎರಡು ಸಲ ಸೀನಿದರು, ಮುಂಗಾಲು ಕೊಡವಿ ವಾಪಸು ಹೊರಟರು. ನೇರ ಬಾಗಿಲಾಚೆ ಹೋಗಿ, ಓನರ್ ಮೆಟ್ಟಿಲ ತುದಿಯಲ್ಲಿದ್ದ ಕಾಲೊರಸಿನ ಮೇಲೆ ಕೆಲಸ ಮುಗಿಸಿದರು.

ದೊಡ್ಡಮ್ಮ ಕಾಲೊರಸು ಒಗೆದರು, ಟಬ್ಬಿಗೆ ಇನ್ನೊಂದು ಮುಚ್ಚಳ ಸೆಂಟು ಹಾಕಿದರು. ಅಧ್ಯಕ್ಷರು ಮರುದಿನ ಜಾಗ ಬದಲಿಸಿದರು. ಸೆಂಟು ಹಾಕಿದಷ್ಟೂ ಅವರು ಟಬ್ಬಿನಿಂದ ದೂರವೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಒಂದೇ ಮನೆಯಲ್ಲಿ ಇಬ್ಬರಿದ್ದರೆ ಇನ್ನೇನಾಗುತ್ತದೆ? ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ದೊಡ್ಡಮ್ಮನ ತಾಳ್ಮೆ ಮುಗಿದಿತ್ತು.

"ಇಷ್ಟು ಮಾಡಿದ್ರೂ ಹಠ ನೋಡು ಇದಕ್ಕೆ! ಓನರ್ ಬಂದು ಹೇಳೋದು ಬೇಡ, ನಾಳೆ ನಾನೇ ಮೀನು ಮಾರ್ಕೆಟ್ ಹತ್ರ ಬಿಟ್ಟು ಬರ್ತೀನಿ."

"ಅದು ಹಠ ಅಲ್ಲ ಕಣೇ" ಎಂದರು ದೊಡ್ಡಪ್ಪ ಕಿಟಕಿಯ ಕಡೆ ನೋಡುತ್ತ. "ಸೆಂಟು ತಡ್ಕೊಳಕ್ಕಾಗ್ತಿಲ್ಲ ಅದಕ್ಕೆ."

"ನಿಮಗೆ ಹೇಗ್ರೀ ಗೊತ್ತು?"

"ನಂಗೂ ಆಗಲ್ಲ."

ದೊಡ್ಡಪ್ಪ ಮೆಲ್ಲಗೆ ಬಿಡಿಸಿ ಹೇಳಿದರು. ಬೆಳಿಗ್ಗೆ ಬೀದಿ ತಿರುವು ದಾಟಿದ ಕೂಡಲೇ ಅಂಗಿ ಬಿಚ್ಚಿ ವ್ಯಾನಿನ ಕಿಟಕಿಗೆ ಸಿಕ್ಕಿಸುತ್ತಿದ್ದರಂತೆ. ಗಾಳಿಗೆ ಹಾರಿ ಹಾರಿ ಸೆಂಟೆಲ್ಲ ಹೋದ ಮೇಲೆ, ಮಾರ್ಕೆಟ್ ಹತ್ತಿರ ಬಂದಾಗ ಹಾಕಿಕೊಳ್ಳುತ್ತಿದ್ದರಂತೆ. ಇಲ್ಲದಿದ್ದರೆ ಸೀನು ನಿಲ್ಲುತ್ತಿರಲಿಲ್ಲವಂತೆ.

"ಇಷ್ಟು ವರ್ಷ ಬಾಯಿ ಯಾಕೆ ಬಿಡ್ಲಿಲ್ಲ?" ದೊಡ್ಡಮ್ಮನ ದನಿ ಸಣ್ಣಗಾಗಿತ್ತು.

"ನೀನು ದಿನವೆಲ್ಲ ಊರವರ ಬಟ್ಟೆ ಒಗೆದು ಕೈ ಸೋತು ಬರ್ತಿದ್ದೆ. ಬಂದು ಮತ್ತೆ ನನ್ನ ಅಂಗಿ ಒಗೀತಾ ಕೂರ್ತಿದ್ದೆ. ಏನಂತ ಹೇಳ್ಲಿ? ಬೆಕ್ಕಿಗೆ ಆ ದಾಕ್ಷಿಣ್ಯ ಇಲ್ಲ, ಅಷ್ಟೇ."

ದೊಡ್ಡಮ್ಮ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಎಳೆದುಕೊಂಡರು. ಅಳುತ್ತಿದ್ದಾರೋ ಏನೋ ಎಂದು ನಾನು ಹಿಂದೆಯೇ ಹೋದೆ. ನಲ್ಲಿ ಜೋರಾಗಿ ಬಿಟ್ಟು, ಹೊಸ ಪೇಪರು ನೆನೆಹಾಕಿ ಕೂತಿದ್ದರು. ಕಣ್ಣು ಒದ್ದೆಯಾಗಿತ್ತು, ಆದರೆ ಬಾಯಿ ಎಂದಿನದೇ: "ಏನ್ ನೋಡ್ತಾ ನಿಂತೆ? ಬಾ, ಹಿಂಡು."

ಈ ಸಲ ಸೋಪಿನ ವಾಸನೆಯೂ ಉಳಿಯದಂತೆ ಮತ್ತೆ ಮತ್ತೆ ಜಾಲಿಸಿದರು. ನೀಲಿ ಬಾಟಲಿಯ ಕಡೆ ಅಭ್ಯಾಸಬಲದಿಂದ ಹೋದ ಕೈಯನ್ನು ತಾವೇ ಹಿಂದಕ್ಕೆಳೆದುಕೊಂಡರು. ಒಣಗಿದ ಮೇಲೆ ದೊಡ್ಡಪ್ಪ ಹೇಳಿದಂತೆ, ಬೆಕ್ಕಿಗೆ ಗುರುತು ಹತ್ತಲೆಂದು, ಉಳಿದಿದ್ದ ಅಂಗಡಿ ಮರಳಿನದೂ ಒಂದು ಹಿಡಿ ಬೆರೆಸಿದರು. ಅಧ್ಯಕ್ಷರು ಒಳಗೆ ಹೋದರು. ಬಚ್ಚಲ ಬಾಗಿಲಾಚೆ ನಾವು ಮೂವರೂ ಕಿವಿಗೊಟ್ಟು ನಿಂತೆವು. ಕೊನೆಗೆ ಕೆರೆಯುವ ಸದ್ದು, ಮುಚ್ಚುವ ಸದ್ದು ಕೇಳಿಸಿತು. ದೊಡ್ಡಪ್ಪ ಮೊಣಕಾಲು ಮರೆತು ನನ್ನ ಭುಜ ಹಿಡಿದು ಕುಣಿದೇಬಿಟ್ಟರು.

ಆಮೇಲೆ ದಿನಾ ಒದ್ದೆಯಾದದ್ದನ್ನು ತೆಗೆಯುವುದು, ವಾರಕ್ಕೊಮ್ಮೆ ಟಬ್ಬಿಗೆ ಹೊಸದು ತುಂಬಿಸುವುದು ದೊಡ್ಡಪ್ಪನ ಕೆಲಸವಾಯಿತು. ಪೇಪರು ಪುಕ್ಕಟೆಯಾದ್ದರಿಂದ ಎಳೆದೆಳೆದು ಬಳಸುವ ಪ್ರಮೇಯವೇ ಇರಲಿಲ್ಲ. ತಿಂಗಳ ಕೊನೆಗೆ ಓನರ್ ಮೆಟ್ಟಿಲು ಮೆಟ್ಟಿಲಿಗೂ ಮೂಗೆಳೆಯುತ್ತ ಬಂದರು.

"ಏನೂ ವಾಸನೆ ಇಲ್ವಲ್ಲ. ಬೆಕ್ಕನ್ನ ಬಿಟ್ಬಿಟ್ರಾ? ಪಾಪ!" ಎಂದರು. ಅಧ್ಯಕ್ಷರು ಕುರ್ಚಿಯಿಂದ ಒಂದು ಕಣ್ಣು ತೆರೆದು ಅವರನ್ನು ನೋಡಿದರು. ಕುರ್ಚಿ ಬಿಟ್ಟುಕೊಡಲಿಲ್ಲವಾದ್ದರಿಂದ ಓನರ್ ನಿಂತೇ ಚಹಾ ಕುಡಿದು ಹೋದರು.

ಅದರ ಮರುದಿನ ತಾರಸಿಯಲ್ಲಿ ನಾನು ಪೇಪರ್ ಪುಡಿ ಹರಡುತ್ತಿದ್ದೆ. ಸೆಂಟು ಹಾಕದೆ ಒಗೆದ ದೊಡ್ಡಪ್ಪನ ಅಂಗಿಗಳು ಬೇರೆಯದೇ ಹಗ್ಗದಲ್ಲಿ ಒಣಗುತ್ತಿದ್ದವು. ದೊಡ್ಡಮ್ಮ ಒಂದನ್ನು ತೆಗೆದು, ರೂಢಿಯಂತೆ ಮೂಗಿಗೆ ಒತ್ತಿಕೊಂಡರು. ತುಂಬ ಹೊತ್ತು ತೆಗೆಯಲೇ ಇಲ್ಲ.

"ಏನು ದೊಡ್ಡಮ್ಮಾ, ಇನ್ನೂ ಮೀನು ವಾಸನೆನಾ?"

"ಇಲ್ಲ ಕಣೇ. ಮೀನು ಯಾವತ್ತೋ ಹೋಗಿತ್ತು ಅನ್ಸುತ್ತೆ. ಇದು ಅವರದೇ ವಾಸನೆ. ನಂಗೆ ಇವತ್ತು ಗೊತ್ತಾಯ್ತು ನೋಡು."

ಆ ಅಂಗಿಯನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡು ಕೆಳಗಿಳಿದು ಹೋದರು.