ಸೆಟೆದ ನಳಿಕೆ

ಇದನ್ನು ಬರೆಯಲು ಬಂದ ನನಗೆ ಅತ್ತೆಯೊಡನೆ ಮೊದಲ ಮಾತುಕತೆಯನ್ನು ಗೊತ್ತುಮಾಡಿಕೊಟ್ಟವಳು ಸೊಸೆ. ಅತ್ತೆ ಎರಡು ಸಲ ಒಪ್ಪಿ ಎರಡು ಸಲವೂ ಹಿಂಜರಿದಿದ್ದರು. ಕೊನೆಗೆ ಒಂದು ಮಧ್ಯಾಹ್ನ ಸೊಸೆಯೇ ಅಡುಗೆಮನೆಯಲ್ಲಿ ಕುರ್ಚಿ ಹಾಕಿ, "ಹೇಳಿಬಿಡಿ ಅತ್ತೆ, ಎದೆ ಹಗುರಾಗುತ್ತೆ" ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಆಸ್ಪತ್ರೆಗಳಿಗೆ ಪ್ಲಾಸ್ಟಿಕ್ ನಳಿಕೆ ತಯಾರಿಸುವ ಕಾರ್ಖಾನೆಯಲ್ಲಿ ಅತ್ತೆಯದು ತಪಾಸಣೆಯ ಕೆಲಸ. ಯಂತ್ರದಿಂದ ಬಿಸಿಯಾಗಿ ಇಳಿದು ನೀರಿನ ತೊಟ್ಟಿಯಲ್ಲಿ ತಣಿದ ನಳಿಕೆಯನ್ನು ತೋರುಬೆರಳಿಗೆ ಸುತ್ತಿ ಬಿಡಬೇಕು. ಮಡಿಕೆ ಬೀಳದೆ ಬಿಚ್ಚಿಕೊಂಡರೆ ಪಾಸು. ಜೊತೆಯವರು ಇಟ್ಟ ಹೆಸರು ಬೆರಳಕ್ಕ. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವುದು ಅದರಲ್ಲಿ ಬೆರೆಸುವ ಒಂದು ಎಣ್ಣೆ ಎಂಬುದು ಬೆರಳಕ್ಕನಿಗೆ ಗೊತ್ತಿತ್ತು. ಆ ಎಣ್ಣೆ ಹೊರಗೆ ಬರಬಹುದೆಂಬುದು ತಲೆಗೆ ಹೊಳೆದಿರಲಿಲ್ಲ.

ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಚೀಪುವ ತ್ರಾಣವಿಲ್ಲದ ಕೂಸಿಗೆ ಮೂಗಿನಿಂದ ಹೊಟ್ಟೆಯವರೆಗೆ ನಳಿಕೆ ಇಳಿಸಿ ಹಾಲು ಹಾಕುತ್ತಿದ್ದರು. ಮೊದಲ ಸಲ ಅದನ್ನು ಬದಲಿಸುವಾಗ ಮಗು ಉಸಿರು ಕಟ್ಟುವಂತೆ ಅತ್ತಿತು. ಎರಡನೆಯ ಸಲ ಬೆರಳಕ್ಕ ನರ್ಸಿಗೆ ಅಡ್ಡ ನಿಂತರು.

"ಬಿಡಮ್ಮ ತಾಯಿ, ಇದು ನಮ್ಮ ಕಾರ್ಖಾನೆ ಮಾಲು. ಬೆಣ್ಣೆ ಇದ್ದ ಹಾಗಿದೆ."

"ನಿಮ್ಮ ಬೆಣ್ಣೆ ನೀವೇ ಹೊಗಳ್ಕೊಳ್ಳಿ! ಬದಲಿಸಲೇಬೇಕು ಅಮ್ಮ."

"ಆ ಅಳು ನಿನ್ನ ಕಿವಿಗೆ ಬೀಳಲ್ವಾ? ನಾಳೆ ಮಾಡು."

ವಾರ್ಡಿನಲ್ಲಿ ಕೆಲಸಕ್ಕೆ ಜನ ಸಾಲದ ದಿನಗಳು. ನಾಳೆ ನಾಳೆ ಎನ್ನುತ್ತ ವಾರ ದಾಟಿತು.

ಕೊನೆಗೆ ನಳಿಕೆ ಹೊರಬಂದಾಗ ಅವರು ಅಭ್ಯಾಸಬಲದಿಂದ ಅದನ್ನು ಬೆರಳಿಗೆ ಸುತ್ತಿದರು. ಮೂಗಿನಿಂದಾಚೆ ಇದ್ದ ಭಾಗ ಸಲೀಸಾಗಿ ಸುತ್ತಿಕೊಂಡಿತು. ಹೊಟ್ಟೆಯೊಳಗಿದ್ದ ತುದಿ ಮಾತ್ರ ಒಣಕಡ್ಡಿಯಂತೆ ಸೆಟೆದು ನಿಂತಿತು. ಎಣ್ಣೆ ಹೋಗಲು ಇದ್ದದ್ದು ಒಂದೇ ಜಾಗ.

"ಇವಳೊಳಗೆ ಹೋಯ್ತಾ ಡಾಕ್ಟ್ರೇ?"

ವೈದ್ಯೆ ಮುಚ್ಚಿಡಲಿಲ್ಲ. "ಸ್ವಲ್ಪ ಹೋಗಿರುತ್ತೆ ಅಮ್ಮ. ಹಾಲಿನ ಜಿಡ್ಡು ಅದನ್ನ ಎಳ್ಕೊಳ್ಳುತ್ತೆ, ಅದಕ್ಕೇ ಬೇಗ ಬದಲಿಸೋದು. ಏನೂ ಆಗದೇ ಇರಬಹುದು. ಆದ್ರೆ ಅವಳು ಬೆಳೆಯೋವರೆಗೂ ನೋಡ್ತಾ ಇರಬೇಕು."

ಬೆಳೆಯುವವರೆಗೂ! ಮಗು ಮನೆಗೆ ಬಂದ ಮೇಲೆ ಬೆರಳಕ್ಕ ಅರ್ಧ ಊಟಕ್ಕೇ ಎದ್ದು ಬರತೊಡಗಿದರು. ಮಗು ಸೀನಿದರೆ ತೊಟ್ಟಿಲ ಬಳಿ ಓಡುತ್ತಿದ್ದರು. ಮಲಗಿದ್ದರೆ ಉಸಿರಿದೆಯೇ ಎಂದು ಬಗ್ಗಿ ನೋಡುವುದು, ಕೈಕಾಲು ಒತ್ತಿ ನೋಡುವುದು.

"ಅತ್ತೆ, ಅವಳೇನು ನಿಮ್ಮ ಮೇಜಿನ ಮೇಲಿರೋ ಮಾಲಾ? ಮಲಗೋಕೆ ಬಿಡಿ," ಎಂದು ಸೊಸೆ ರೇಗಿದಳು. ಅಂದೇ ಅತ್ತೆ ನಳಿಕೆಯ ವಿಷಯವನ್ನೆಲ್ಲ ಅವಳಿಗೆ ಹೇಳಿದರು. ಸೊಸೆ ಬೈಯಲಿಲ್ಲ, ಮಗುವನ್ನು ಅವುಚಿಕೊಂಡು ಗೋಡೆಗೆ ಒರಗಿ ಕುಳಿತಳು. ಅಂದಿನಿಂದ ಆ ಮನೆಯಲ್ಲಿ ಹೆದರುವವರು ಇಬ್ಬರಾದರು.

೨೦೧೯ರ ಜೂನ್ ೧೧ರಂದು ನಡೆದ ಮಗುವಿನ ಮೂರನೆಯ ವರ್ಷದ ಪರೀಕ್ಷೆಯಲ್ಲೂ ಯಾವ ದೋಷವೂ ಕಾಣಲಿಲ್ಲ. ಮುಂದಿನ ವರ್ಷ ಮತ್ತೆ ಕರೆತರಬೇಕೆಂದು ವೈದ್ಯೆ ಸೂಚಿಸಿದರು.