ಆಣೆಗೆ ಮುಂಚಿನ ಮುದ್ದೆ

ಮೊರದಲ್ಲಿ ರಾಗಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ಬಂಗಾರಪೇಟೆ ಸಂತೆಯಿಂದ ತಂದ ರಾಗಿ. ಅಂಗಡಿಯವನು ಕಲ್ಲನ್ನೂ ಸೇರಿಸಿಯೇ ಅಳೆದಿದ್ದ. ನಲ್ಲಿಯ ಹತ್ತಿರ ನೀರಿಗೆ ನಿಂತಿದ್ದ ಹೆಂಗಸೊಬ್ಬಳು ಕೊಡವನ್ನು ಅಲ್ಲೇ ಬಿಟ್ಟು ಓಡಿಬಂದಳು.

"ಅಕ್ಕಯ್ಯಾ, ಗಣಿಯೊಳಗೆ ಕಲ್ಲು ಬಿದ್ದೈತಂತೆ. ನಿಮ್ಮೋರೂ ಪಕ್ಕದ ಮನೆಯೋನೂ ಒಂದೇ ಕಡೆ ಇದ್ರಂತೆ. ಒಬ್ಬ ಸತ್ತೋದ್ನಂತೆ."

"ಯಾರು?" ಅಂದೆ. ಅವಳಿಗೆ ಗೊತ್ತಿರಲಿಲ್ಲ.

ಗಣಿಯ ಬಾಯಿಗೆ ಓಡುವಾಗ ನಾನು ದೇವರಲ್ಲಿ ಏನು ಬೇಡಿಕೊಂಡೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಪಕ್ಕದ ಮನೆಯವನೇ ಆಗಿರಲಿ ತಾಯೀ ಎಂದು ಬೇಡಿಕೊಂಡೆ. ಪಕ್ಕದ ಮನೆಯವಳೂ ನನ್ನ ಜೊತೆಯಲ್ಲೇ ಓಡುತ್ತಿದ್ದಳು. ಅವಳೂ ಅದನ್ನೇ ಬೇಡಿಕೊಂಡಿರಬೇಕು. ತಾಯಿ ನನ್ನ ಮಾತು ನಡೆಸಿಕೊಟ್ಟಳು.

ಗಣಿ ಕೂಲಿಗಳ ಮನೆಸಾಲು, ಲೈನು ಅನ್ನುವುದರಲ್ಲಿ, ನಾವಿದ್ದದ್ದು ತಟ್ಟಿ ಮನೆ. ಬಿದಿರ ತಟ್ಟಿಯ ಒಂದೇ ಗೋಡೆ, ಆಚೆ ಅವರು, ಈಚೆ ನಾವು. ಅವರು ಕೆಮ್ಮಿದರೆ ನಮ್ಮ ಮಗು ಎದ್ದು ಅಳುತ್ತಿತ್ತು. ಅವಳು ಆರ್ಕಾಟಿನ ಕಡೆಯವಳು, ತಮಿಳು ಮಾತಾಡುವವಳು, ಇಬ್ಬರು ಚಿಕ್ಕ ಮಕ್ಕಳ ತಾಯಿ. ಸತ್ತ ಮನೆಯಲ್ಲಿ ಕರ್ಮ ಮುಗಿಯುವ ತನಕ ಒಲೆ ಹಚ್ಚುವುದಿಲ್ಲ. ಅವಳ ನೆಂಟರು ಬರುವಷ್ಟು ಹತ್ತಿರದಲ್ಲಿ ಇರಲಿಲ್ಲ. ಅದರಿಂದ ಆ ದಿನಗಳಲ್ಲಿ ಅವರ ಊಟ ನನ್ನ ಒಲೆಯ ಮೇಲೆಯೇ ಬೇಯುತ್ತಿತ್ತು. ಆ ವಾರ ನಮ್ಮ ಹಿಟ್ಟಿನ ಮಡಕೆ ಬರಿದಾಗಲಿಲ್ಲ. ಅಷ್ಟು ಮಾತ್ರ ದೇವರು ನಡೆಸಿಕೊಟ್ಟ.

ಒಳಗೆ ಏನು ನಡೆಯಿತು ಎಂದು ನಮ್ಮ ಯಜಮಾನರು ಮೊದಲ ದಿನವೇ ನನಗೆ ಹೇಳಿದ್ದರು. ಮದ್ದು ಸಿಡಿಸಿದ ಮೇಲೆ ಮೇಲಿನ ಬಂಡೆ ಕುಸಿಯದ ಹಾಗೆ ಮರದ ಕಂಬ ಕೊಡುವುದು ಇವರಿಬ್ಬರ ಕೆಲಸ. ಆ ದಿನ ಮೇಸ್ತ್ರಿಗೆ ಅವಸರ. "ಮರ ಆಮ್ಯಾಕೆ, ಮೊದ್ಲು ಕಲ್ಲು ತೆಗೀರಿ" ಅಂದನಂತೆ. ಪಕ್ಕದ ಮನೆಯವನು, ಮೇಲೆ ಸದ್ದು ಬರುತ್ತಿದೆ, ಕಂಬ ಕೊಟ್ಟೇ ಹೋಗುತ್ತೇನೆ ಅಂದನಂತೆ. ಮೇಸ್ತ್ರಿ ಅವನ ತಾಯಿಯನ್ನು ಎತ್ತಿ ಬೈದ. ಅವನು ಒಳಗೆ ಹೋದ. ನಮ್ಮವರು ಮರ ತರಲು ಹಿಂದಕ್ಕೆ ತಿರುಗಿದ್ದರು, ಉಳಿದರು.

ಎರಡು ದಿನಕ್ಕೆ ಲೈನಿನಲ್ಲಿ ಬೇರೆ ಮಾತು ಹುಟ್ಟಿತು. ಮೇಸ್ತ್ರಿ ಬೇಡ ಬೇಡ ಅಂದರೂ ಸತ್ತವನೇ ನುಗ್ಗಿದನಂತೆ, ಮೈಮೇಲೆ ಜ್ಞಾನವಿರಲಿಲ್ಲವಂತೆ. ಆ ಮಾತೇ ನಿಜವೆಂದು ನಿಂತರೆ ಅವಳಿಗೆ ಗಣಿ ಕಚೇರಿಯಿಂದ ಬರುವ ಪರಿಹಾರ ಇಲ್ಲ. ಎರಡು ಮಕ್ಕಳನ್ನು ಕಟ್ಟಿಕೊಂಡು ತಟ್ಟಿ ಮನೆಯನ್ನೂ ಬಿಡಬೇಕು. ಕಣ್ಣಾರೆ ಕಂಡವರು ಮೂವರೇ. ಒಬ್ಬ ಸತ್ತ, ಒಬ್ಬ ಮೇಸ್ತ್ರಿ, ಉಳಿದವರು ನಮ್ಮವರು. ಲೈನಿನ ಹಿರಿಯರು ಸೇರಿ, ಶುಕ್ರವಾರ ಮಾರಮ್ಮನ ಮುಂದೆ ಇವರು ಆಣೆ ಮಾಡಿ ಹೇಳಲಿ, ಆ ಮಾತನ್ನೇ ನಾವು ಕಚೇರಿಗೆ ಮುಟ್ಟಿಸುತ್ತೇವೆ ಎಂದು ತೀರ್ಮಾನ ಮಾಡಿದರು.

ನಮ್ಮಲ್ಲಿ ಆಣೆ ಎಂದರೆ ಆಟವಲ್ಲ. ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಬಾರದು. ತಲೆಗೆ ನೀರು ಹಾಕಿಕೊಂಡು ಒದ್ದೆ ಬಟ್ಟೆಯಲ್ಲೇ ಗುಡಿಗೆ ಹೋಗಬೇಕು. ಕಲ್ಲಿನ ಮೇಲೆ ಕರ್ಪೂರ ಹಚ್ಚುತ್ತಾರೆ. ಹೇಳುವುದನ್ನು ಹೇಳಿ ಅಂಗೈಯಿಂದ ಬಡಿದು ಆ ಉರಿಯನ್ನು ಆರಿಸಬೇಕು. ಸುಳ್ಳು ಹೇಳಿ ಆರಿಸಿದವನ ಮನೆಯ ದೀಪ ಆರುತ್ತದೆ ಎಂದು ಲೈನಿನ ಪ್ರತಿಯೊಬ್ಬರೂ ನಂಬಿದ್ದರು. ನಾನೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಮಂಗಳವಾರ ಮಧ್ಯಾಹ್ನ, ಆಚೆ ಮನೆಯವಳು ಮಕ್ಕಳ ಜೊತೆ ನಲ್ಲಿಗೆ ಹೋಗಿದ್ದ ಹೊತ್ತು ನೋಡಿ, ಮೇಸ್ತ್ರಿ ನಮ್ಮ ಮನೆಗೆ ಬಂದ. ತಲೆ ಬಗ್ಗಿಸಿ ಒಳಗೆ ಬಂದವನು ಚಾಪೆಯ ಮೇಲೆ ಕೂತು, ಮಗುವಿನ ಕೆನ್ನೆ ಹಿಂಡಿ, ಪಂಚೆಯ ಮಡಿಕೆಯಿಂದ ಬಟ್ಟೆಯಲ್ಲಿ ಕಟ್ಟಿದ ದುಡ್ಡಿನ ಗಂಟು ತೆಗೆದ.

"ತಗೋ ತಂಗೀ, ದೇವ್ರ ಮುಂದೆ ಇಡು. ಬಂಗಾರಪೇಟೇಲಿ ಎಂಚಿನ ಮನೆ ಬೇಕು ಅಂತ ಅಳ್ತಾ ಇದ್ಯಂತಲ್ಲ. ಇದ್ರಾಗೆ ಮನೇನೂ ಬತ್ತದೆ, ಬಾಗ್ಲಿಗೆ ಬೀಗಾನೂ ಬತ್ತದೆ."

ನಮ್ಮವರು ಮೆಲ್ಲಗೆ, "ಆಣೆ ಅಣ್ಣಾ ಅದು. ಕರ್ಪೂರ" ಅಂದರು.

"ಅಯ್ಯೋ ಪಿಚ್ಚೋಡಾ, ಉಚ್ಚಪ್ಪಾ! ಉಂಡೋನ ಆಣೆ ದೇವ್ರಿಗೆ ಮುಟ್ಟಲ್ಲ ಕಣ್ಲಾ. ಬೆಳಿಗ್ಗೆ ಎದ್ದು ಒಂದು ಮುದ್ದೆ ನುಂಗ್ಬುಡು. ಉಂಡ್ಮ್ಯಾಕೆ, ಸತ್ತೋನೇ ನುಗ್ದ ಅಂತ ನೀನು ಏಳಿದ್ರೂ ಅದು ಬರೀ ಬಾಯಿ ಮಾತು. ಜನ ಆಣೆ ಅಂದ್ಕೋತಾರೆ, ಅಮ್ಮ ಅಂದ್ಕಳಲ್ಲ. ನಿನ್ ಎಂಡ್ತಿ ಇಕ್ತಾಳೆ, ನೀನು ಉಣ್ತೀಯ. ಯಾರಿಗೆ ಗೊತ್ತಾಗ್ತದೆ?"

ಅವನು ನಕ್ಕ. ನಮ್ಮವರು ನನ್ನ ಮುಖ ನೋಡಿದರು. ಆಗ ನಾನು ಎದ್ದು ಆ ಗಂಟನ್ನು ಅವನ ಮುಖದ ಮೇಲೆ ಎಸೆದೆ ಎಂದು ಬರೆಯಬಹುದಿತ್ತು. ಎಸೆಯಲಿಲ್ಲ. ತೆಗೆದುಕೊಂಡು ದೇವರ ಗೂಡಿನಲ್ಲಿ, ಅಮ್ಮನ ಪಟದ ಮುಂದೆ ಇಟ್ಟೆ.

ಮೂರು ದಿನ ಅದು ಅಲ್ಲೇ ಇತ್ತು. ಎರಡು ಹೊತ್ತೂ ನಾನು ಅದರ ಮುಂದೆ ದೀಪ ಹಚ್ಚಿದೆ, ಹೂವಿಟ್ಟೆ, ಕೈ ಮುಗಿದೆ. ಕೈ ಮುಗಿದದ್ದು ಯಾರಿಗೆ? ಕಣ್ಣು ಮುಚ್ಚಿದರೆ ಬಂಗಾರಪೇಟೆಯ ಹೆಂಚಿನ ಮನೆ ಕಾಣುತ್ತಿತ್ತು, ಮಣ್ಣಿನ ದಪ್ಪ ಗೋಡೆ, ಹಿತ್ತಲಲ್ಲಿ ನಮ್ಮದೇ ಬಾವಿ. ತುಳಸಿ ಕಟ್ಟೆಯನ್ನು ಯಾವ ಮೂಲೆಯಲ್ಲಿ ಕಟ್ಟಿಸುವುದು ಎಂದೂ ಯೋಚಿಸಿದ್ದೆ. ನನ್ನ ದುರಾಸೆಗೂ ನಾನು ತುಳಸಿ ನೆಟ್ಟಿದ್ದೆ! ಮೇಸ್ತ್ರಿಯ ಮೇಲಿನ ಕೋಪ ಇಷ್ಟು ವರ್ಷದಲ್ಲಿ ಸ್ವಲ್ಪವಾದರೂ ಇಳಿದಿದೆ. ಆ ಮೂರು ದಿನದ ನನ್ನ ಮೇಲಿನದು ಇಳಿದಿಲ್ಲ.

ಗುರುವಾರ ಸಂಜೆ ಆಚೆ ಮನೆಗೆ ಸಾರು, ಮುದ್ದೆ ತೆಗೆದುಕೊಂಡು ಹೋದೆ. ಅವಳು ಮಕ್ಕಳಿಗೆ ಉಣಿಸಿ, ನನ್ನ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ ಕೊಡುತ್ತಾ ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು:

"ಅಕ್ಕಾ, ನಾಳೆ ನನ್ಗೆ ಊಟ ವೇಣಾಂ. ಮಕ್ಳಿಗೆ ಮಾತ್ರ ಸಾಕು."

"ಯಾಕಮ್ಮೀ, ಮೈಯಲ್ಲಿ ಉಸಾರಿಲ್ವಾ?"

"ಅದಿಲ್ಲ. ಅಣ್ಣ ನನ್ಗೋಸ್ಕರ ಉಪವಾಸ ಇರ್ತಾರಲ್ಲ. ನಾನು ಎಂಗೆ ಉಣ್ಣೋದು? ನಾನೂ ಇರ್ತೀನಿ."

ಪಾತ್ರೆ ಕೈಗೆ ತೆಗೆದುಕೊಂಡು ಬಂದೆ. ತಟ್ಟಿಯ ಈಚೆ ನಮ್ಮವರು ಕೂತಿದ್ದರು. ಅವರಿಗೂ ಆ ಮಾತು ಕೇಳಿಸಿತ್ತು. "ಬೆಳಿಗ್ಗೆ ಸಣ್ಣದು ಒಂದು ಸಾಕು" ಎಂದು ಪಿಸುಗುಟ್ಟಿದರು. ಕೇಳಿಸಿಯೂ ಹಾಗೆ ಅಂದರು! ಆ ಹೊತ್ತಿಗೆ ನನ್ನ ಎದೆಯಲ್ಲಿ ಒಂದು ಕೆಂಡ ಬಿತ್ತು.

ಶುಕ್ರವಾರ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬೇಗ ಬಂದಿತ್ತು. ಅವರು ತಲೆಗೆ ನೀರು ಹಾಕಿಕೊಳ್ಳಲು ಹೋದರು. ನಾನು ಎಸರಿಟ್ಟು, ಹಿಟ್ಟು ಹಾಕಿ, ಕೋಲಿನಿಂದ ತಿರುವಿದೆ. ಅಷ್ಟು ಕೋಪದಲ್ಲಿ ತಿರುವಿದ ಹಿಟ್ಟು ಅದಕ್ಕಿಂತ ಮುಂಚೆಯೂ ಇರಲಿಲ್ಲ, ಆಮೇಲೂ ಇಲ್ಲ. ಒಂದು ಗಂಟೂ ಇಲ್ಲದೆ ಬಂತು. ಮಣೆಯ ಮೇಲೆ ಹಾಕಿ ಮೂರು ಮುದ್ದೆ ಕಟ್ಟಿದೆ, ಎರಡು ಆಚೆ ಮನೆಯ ಮಕ್ಕಳಿಗೆ, ಒಂದು ಸಣ್ಣದು ಇವರಿಗೆ. ಆ ಸಣ್ಣದನ್ನು ನೋಡುತ್ತಾ ಕೂತೆ. ಧರ್ಮವನ್ನು ಮಾರಿಕೊಂಡ ರಾಜರ ಕಥೆ, ಅಸುರರ ಕಥೆ ಹರಿಕಥೆಯಲ್ಲಿ ಕೇಳಿದ್ದೆ. ಅವರಿಗೆಲ್ಲ ಕಾಡು, ತಪಸ್ಸು, ಸಿಂಹಾಸನ ಇತ್ತು. ನಮ್ಮ ಮನೆಯಲ್ಲಿ ಆ ಧರ್ಮ ಒಂದು ಮುದ್ದೆಯಾಗಿ ಆವಿಯಾಡುತ್ತಾ ಮಣೆಯ ಮೇಲೆ ಕೂತಿತ್ತು, ಮಾರಾಟ ಮುಗಿಸಬೇಕಾದ ಕೈ ನನ್ನದಾಗಿತ್ತು.

ಮೂರನ್ನೂ ತಟ್ಟೆಗೆ ಹಾಕಿಕೊಂಡು ಆಚೆ ಮನೆಗೆ ಹೋಗಿ ಮಕ್ಕಳ ಮುಂದೆ ಇಟ್ಟೆ. ವಾಪಸು ಬಂದು, ಮಡಕೆಯ ತಳದ ಸೀಕನ್ನೂ ಬಿಡದೆ ಕೆರೆದು ಕೋಳಿಗೆ ಹಾಕಿದೆ. ಬಿಸಿ ಪಾತ್ರೆ ಇಳಿಸುವ ಇಕ್ಕಳ ತೆಗೆದುಕೊಂಡು, ಗೂಡಿನಲ್ಲಿದ್ದ ಗಂಟನ್ನು ಅದರಲ್ಲಿ ಹಿಡಿದು ಎತ್ತಿ, ಬಾಗಿಲ ಹೊರಗೆ ಕಸಬರಿಕೆಯ ಪಕ್ಕದಲ್ಲಿ ಇಟ್ಟೆ.

ಅವರು ಒದ್ದೆ ಬಟ್ಟೆಯಲ್ಲಿ ಬಂದರು. ತಟ್ಟಿಯಾಚೆ ಕೇಳಿಸಬಾರದೆಂದು ಇಬ್ಬರೂ ಪಿಸುಮಾತಿನಲ್ಲೇ ಜಗಳವಾಡಿದೆವು.

"ಎಲ್ಲೇ?"

"ಏನು?"

"ಮುದ್ದೆ ಕಣೇ."

"ಆಚೆ ಮನೆ ಮಕ್ಳಿಗೆ ಇಕ್ದೆ."

"ನಂಗೆ?"

"ನಿಮ್ಗೆ ಕರ್ಪೂರ ಐತಲ್ಲ."

"ತಲೆ ಕೆಟ್ಟೈತಾ ನಿಂಗೆ? ಮನೆ ಬ್ಯಾಡ್ವಾ?"

"ಬೇಕು. ಬೇಕು ಅಂತ್ಲೇ ಮೂರು ದಿನ ಬಾಯಿಗೆ ಬೀಗ ಆಕ್ಕೊಂಡಿದ್ದೆ. ಓಗಿ. ಏನು ಏಳ್ಬೇಕೋ ಏಳ್ಬನ್ನಿ. ಖಾಲಿ ಒಟ್ಟೇಲಿ ಏಳಿ."

ಹಿರಿಯರು ಆಗಲೇ ಬಾಗಿಲಿಗೆ ಬಂದಿದ್ದರು. ದಾರಿಯುದ್ದಕ್ಕೂ ಜನ. ಎಲ್ಲಾದರೂ ನುಗ್ಗಿ ಒಂದು ಚೂರು ಬಾಯಿಗೆ ಹಾಕಿಕೊಳ್ಳುವ ದಾರಿ ಅವರಿಗೆ ಉಳಿಯಲಿಲ್ಲ. ನಾನು ಹೆಂಗಸರ ಜೊತೆ ಹಿಂದೆ ನಡೆದೆ.

ಕರ್ಪೂರ ಹಚ್ಚಿದರು. ಮೇಸ್ತ್ರಿ ಬಿಳಿ ಪಂಚೆ ಉಟ್ಟು, ಕೈ ಕಟ್ಟಿ, ಮದುವೆ ಮನೆಗೆ ಬಂದವನ ಹಾಗೆ ನಿಂತಿದ್ದ. ನಮ್ಮವರು ಉರಿಯನ್ನೇ ನೋಡುತ್ತಿದ್ದರು. "ಬೇಗ ಏಳಪ್ಪಾ, ಉರಿದೋಯ್ತದೆ" ಅಂದರು ಹಿರಿಯರು.

"ಇವನೇ" ಅಂದರು ನಮ್ಮವರು. "ಮರ ಕೊಡದೆ ಒಳಕ್ಕೆ ಓಗು ಅಂದೋನು ಈ ಮೇಸ್ತ್ರೀನೇ. ಅವನು ಬ್ಯಾಡ ಅಂದ. ಇವನು ಕಳಿಸ್ದ." ಅಂಗೈಯಿಂದ ಬಡಿದು ಉರಿಯನ್ನು ಆರಿಸಿದರು.

ಮೇಸ್ತ್ರಿ ಕೂಗಿದ.

"ಸೆಲ್ಲಲ್ಲ! ಈ ಆಣೆ ನಡಿಯಲ್ಲ! ಮನೇಲಿ ಉಂಡು ಬಂದವ್ನೆ ಇವನು!"

ಹಿರಿಯರು ನಿಧಾನವಾಗಿ ಅವನ ಕಡೆ ತಿರುಗಿದರು. "ಅವನ ಮನೇಲಿ ಅವನು ಉಂಡಿದ್ದು ನಿಂಗೆಂಗಪ್ಪಾ ಗೊತ್ತು?"

ಹೆಂಗಸರ ಸಾಲಿನಲ್ಲಿ ನಿಂತು ಗಟ್ಟಿಯಾಗಿ ಮಾತಾಡುವ ರೂಢಿ ನಮಗಿರಲಿಲ್ಲ. ನಾನು ಮಾತಾಡಿದೆ.

"ಉಂಡಿಲ್ಲ. ಇಕ್ಕೋಳು ನಾನು, ನಾನೇ ಇಕ್ಕಿಲ್ಲ. ಉಣ್ಸು ಅಂತ ಏಳ್ಕೊಟ್ಟೋನು ಅವನು. ಕೊಟ್ಟ ಗಂಟು ನಮ್ ಬಾಗ್ಲಾಗೆ ಕಸಬರಿಕೆ ತಾವ ಬಿದ್ದೈತೆ, ಓಗಿ ನೋಡ್ರಿ."

ಅವಳಿಗೆ ಪರಿಹಾರ ಬಂತು. ಮಕ್ಕಳನ್ನು ಕರೆದುಕೊಂಡು ತನ್ನ ಊರಿನ ಕಡೆಗೆ ಹೋದಳು. ಮೇಸ್ತ್ರಿ ಹಾಳಾದ ಎಂದು ಓದುವವರು ತಿಳಿಯಬೇಡಿ. ಗಂಟನ್ನು ಆಳು ಕಳಿಸಿ ತರಿಸಿಕೊಂಡ. ಬೇರೆ ಗಣಿಯಲ್ಲಿ ಮೇಸ್ತ್ರಿಯಾಗಿಯೇ ಇದ್ದ, ಎದುರು ಸಿಕ್ಕರೆ ಜನ ಅವನಿಗೆ ಕೈ ಮುಗಿಯುತ್ತಲೇ ಇದ್ದರು. ನಮ್ಮವರನ್ನು ಮರದ ಕೆಲಸದಿಂದ ತೆಗೆದು ಕಲ್ಲಿನ ಗಾಡಿ ತಳ್ಳುವುದಕ್ಕೆ ಹಾಕಿದರು. ಲೈನಿನವರು ಅವರನ್ನು ಸತ್ಯವಂತ ಎಂದು ಹೊಗಳಿದರು, ಮದುವೆ ಮುಂಜಿಗಳಲ್ಲಿ ಮುಂದೆ ಕೂರಿಸಿದರು. ನಾನು ಹಿಂದೆ ಕೂತು ಹಲ್ಲು ಕಚ್ಚುತ್ತಿದ್ದೆ. ಯಾಕೆಂದರೆ ಆ ಶುಕ್ರವಾರ ಮನೆಗೆ ಬಂದು ಚಾಪೆಯ ಮೇಲೆ ಕುಸಿದವರು ಪಿಸುಗುಟ್ಟಿದ್ದನ್ನು ಕೇಳಿದವಳು ನಾನೊಬ್ಬಳೇ.

"ಒಟ್ಟೇಲಿ ಒಂದೇ ಒಂದು ತುತ್ತು ಇದ್ದಿದ್ರೆ ಏಳ್ಬುಡ್ತಿದ್ದೆ ಕಣೇ. ಬಾಯಿಗೇ ಬಂದಿತ್ತು."

ಒಂದು ತುತ್ತು! ಪಕ್ಕದಲ್ಲೇ ಕಂಬ ಕೊಟ್ಟು ದುಡಿದವನ ಹೆಣ, ಅವನ ಎರಡು ಮಕ್ಕಳು, ತಟ್ಟಿಯಾಚೆ ಉಪವಾಸ ಕೂತ ಹೆಂಗಸು, ಇವರಾರೂ ಅವರನ್ನು ತಡೆದಿರಲಿಲ್ಲ. ತಡೆದದ್ದು ಹಸಿವು. ಮೇಲೆ ಒಬ್ಬಳು ನೋಡುತ್ತಿದ್ದಾಳೆ ಎಂಬ ಭಯ, ಅಷ್ಟೇ. ಕೈಯಲ್ಲಿದ್ದ ಸೌಟನ್ನು ಅವರ ಮೇಲೆ ಎಸೆಯಬೇಕು ಅನಿಸಿತು. ಎಸೆಯಲು ನನಗೇನು ಮುಖವಿತ್ತು? ಗಂಟಿಗೆ ಹೂವಿಟ್ಟವಳು ನಾನು.

ಆ ಹೊತ್ತಿಗೇ ತಟ್ಟಿಯಾಚೆಯಿಂದ, "ಅಕ್ಕಾ, ಅಣ್ಣ ಊಟ ಮಾಡಿದ್ರಾ?" ಎಂದು ಅವಳ ದನಿ ಬಂತು.

"ಇನ್ನೂ ಇಲ್ಲ. ನೀನೂ ತಡಿಯಮ್ಮೀ, ತತ್ತೀನಿ" ಅಂದೆ.

ಮಡಕೆ ತೊಳೆದು, ಇಬ್ಬರಿಗಾಗುವಷ್ಟು ಎಸರಿಟ್ಟು, ಒಲೆಗೆ ಪುಳ್ಳೆ ತಳ್ಳಿ ಊದತೊಡಗಿದೆ.